ಅಗ್ಗದ ಸ್ಮಾರ್ಟ್‌ವಾಚ್: ಯಾವ ಅಂಕಿಗೆ ಎಷ್ಟು ಬೆಲೆ?

ಎರಡು-ಮೂರು ಸಾವಿರ ರೂಪಾಯಿಗೆ ಸಿಗುವ ಸ್ಮಾರ್ಟ್‌ವಾಚಿನ ಪೆಟ್ಟಿಗೆಯ ಮೇಲೆ ದೊಡ್ಡ ಪಟ್ಟಿಯೇ ಇರುತ್ತದೆ: ಹೃದಯ ಬಡಿತ, ರಕ್ತದ ಆಮ್ಲಜನಕ, ಬಿಪಿ, ನಿದ್ರೆ, ಒತ್ತಡ, ಕ್ಯಾಲೊರಿ, ಹೆಜ್ಜೆ, ನೂರಕ್ಕೂ ಹೆಚ್ಚು ಕ್ರೀಡೆ. ಕೆಲವು ಪೆಟ್ಟಿಗೆಗಳಲ್ಲಿ ಶುಗರ್ ಕೂಡ ಸೇರಿಕೊಂಡಿರುತ್ತದೆ. ಇಷ್ಟನ್ನೂ ಅಳೆಯಲು ಆ ವಾಚಿನೊಳಗೆ ಇರುವುದು ಮುಖ್ಯವಾಗಿ ಎರಡೇ ಸಾಧನಗಳು. ಬೆನ್ನಿನ ಗಾಜಿನ ಕಿಟಕಿಯಲ್ಲಿ ಮಿನುಗುವ ದೀಪ ಮತ್ತು ಅದರ ಬೆಳಕು ಚರ್ಮದಿಂದ ಎಷ್ಟು ಮರಳಿತೆಂದು ನೋಡುವ ಸೆನ್ಸರ್ ಒಂದು. ಕೈಯ ಚಲನೆಯನ್ನು ಗ್ರಹಿಸುವ ಅಕ್ಸೆಲೆರೋಮೀಟರ್ ಎಂಬ ಚಿಪ್ಪು ಇನ್ನೊಂದು. ವಾಚು ನಿಜಕ್ಕೂ ಅಳೆಯುವುದು ಬೆಳಕು ಮತ್ತು ಅಲುಗಾಟ, ಇವೆರಡನ್ನೇ. ಉಳಿದದ್ದೆಲ್ಲ ಲೆಕ್ಕಾಚಾರ, ಕೆಲವೊಮ್ಮೆ ಬರೀ ಊಹೆ. ಪರದೆಯ ಮೇಲೆ ಕಾಣುವ ಅಂಕಿ ಈ ಎರಡು ಮೂಲ ಅಳತೆಗಳಿಂದ ಎಷ್ಟು ದೂರ ಬಂದಿದೆಯೋ ಅಷ್ಟರಮಟ್ಟಿಗೆ ಅದರ ನಂಬಿಕೆ ಕುಸಿಯುತ್ತದೆ. ಕಡಿಮೆ ದುಡ್ಡಿನಲ್ಲಿ ವಾಚು ಕೊಳ್ಳುವವರಿಗೆ ಪಟ್ಟಿಯ ಉದ್ದಕ್ಕಿಂತ ಈ ದೂರದ ಅರಿವು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೂಲಕ್ಕೆ ತೀರ ಹತ್ತಿರ ಇರುವುದು ನಾಡಿಮಿಡಿತ. ನಾಡಿಗೂ ಗಡಿಯಾರಕ್ಕೂ ಮುನ್ನೂರು ವರ್ಷದ ನಂಟಿದೆ. ಇಂಗ್ಲೆಂಡಿನ ಲಿಚ್‌ಫೀಲ್ಡಿನ ವೈದ್ಯ ಜಾನ್ ಫ್ಲಾಯರ್ ನಾಡಿ ಎಣಿಸುವುದಕ್ಕೆಂದೇ ಸರಿಯಾಗಿ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನು ಮಾಡಿಸಿಕೊಂಡಿದ್ದ. ಅದರ ಕುರಿತ ಅವನ ಪುಸ್ತಕ ಹೊರಬಂದದ್ದು 1707ರಲ್ಲಿ. ಎಣಿಸುವ ಬೆರಳಿನ ಜಾಗಕ್ಕೆ ಬೆಳಕನ್ನು ತಂದ ಕೆಲಸದಲ್ಲಿ ದೊಡ್ಡ ಹೆಸರು ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಜ್ಞಾನಿ ಆಲ್ರಿಕ್ ಹರ್ಟ್ಸ್‌ಮನ್‌ನದು. ಚರ್ಮದ ಮೇಲೆ ಬೆಳಕು ಬಿಟ್ಟು, ಒಳಗಿನ ರಕ್ತದ ಏರಿಳಿತವನ್ನು ಫೋಟೊಸೆಲ್‌ನಿಂದ ಹಿಡಿಯುವ ವಿಧಾನವನ್ನು ಆತ 1937ರಲ್ಲಿ ಪ್ರಕಟಿಸಿದ. ಇಂದಿನ ಪ್ರತಿಯೊಂದು ಸ್ಮಾರ್ಟ್‌ವಾಚಿನ ಬೆನ್ನಲ್ಲಿ ಇರುವುದು ಅದೇ ವಿಧಾನ.

ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿನ ಚರ್ಮದಡಿಯ ಸಣ್ಣ ನಾಳಗಳಿಗೆ ಕೊಂಚ ಹೆಚ್ಚು ರಕ್ತ ನುಗ್ಗುತ್ತದೆ. ರಕ್ತದ ಹಿಮೊಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹಾಗಾಗಿ ಪ್ರತಿ ಬಡಿತಕ್ಕೂ ಮರಳಿ ಬರುವ ಹಸಿರು ಬೆಳಕು ತುಸು ಕಡಿಮೆಯಾಗಿ ಮತ್ತೆ ಹೆಚ್ಚುತ್ತದೆ. ವಾಚುಗಳು ಸುಮಾರು 525 ನ್ಯಾನೋಮೀಟರ್ ತರಂಗಾಂತರದ ಹಸಿರನ್ನೇ ಆರಿಸಿಕೊಳ್ಳಲು ಇದೊಂದು ಕಾರಣ. ಹಸಿರು ಬೆಳಕು ಚರ್ಮದೊಳಕ್ಕೆ ಹೆಚ್ಚು ಆಳ ಇಳಿಯುವುದಿಲ್ಲ, ಆದ್ದರಿಂದ ಕೈ ಅಲುಗಿದಾಗ ಒಳಗಿನ ಸ್ನಾಯು, ಸ್ನಾಯುರಜ್ಜುಗಳ ಹೊರಳಾಟ ಅದನ್ನು ಅಷ್ಟಾಗಿ ಕದಡುವುದಿಲ್ಲ ಎಂಬುದು ಇನ್ನೊಂದು. ಆದರೂ ತೊಂದರೆ ಇದೆ. ಮರಳಿ ಬಂದ ಒಟ್ಟು ಬೆಳಕಿನಲ್ಲಿ ನಾಡಿಯ ಪಾಲು ಶೇಕಡಾ ಒಂದೆರಡರಷ್ಟು ಮಾತ್ರ. ಮಿಕ್ಕಿದ್ದೆಲ್ಲ ಚರ್ಮ, ಕೊಬ್ಬು, ಅಲುಗದೆ ನಿಂತ ರಕ್ತ ಇವುಗಳಿಂದ ಚದುರಿ ಬಂದ ಬೆಳಕು.

ರಾತ್ರಿ ಹೊತ್ತು ದೂರದ ಗದ್ದೆಬಯಲಿನಲ್ಲಿ ಯಕ್ಷಗಾನ ನಡೆಯುತ್ತಿದ್ದರೆ ಚೆಂಡೆಯ ಸದ್ದು ಮನೆಯಂಗಳದವರೆಗೂ ಕೇಳಿಸುತ್ತದೆ. ಸುತ್ತ ಮೌನವಿದ್ದರೆ ಒಂದೊಂದು ಪೆಟ್ಟನ್ನೂ ಎಣಿಸಬಹುದು. ಪಕ್ಕದ ತೋಟದಲ್ಲಿ ಪಂಪ್‌ಸೆಟ್ಟು ಶುರುವಾಯಿತೋ, ಚೆಂಡೆ ಮುಳುಗಿತು. ಆದರೆ ಆ ಪಂಪ್‌ಸೆಟ್ಟಿನ ಪಕ್ಕದಲ್ಲೇ ಇನ್ನೊಬ್ಬನನ್ನು ನಿಲ್ಲಿಸಿ, ಅದರ ಸದ್ದು ಯಾವ ಗತಿಯಲ್ಲಿದೆ ಎಂದು ತಿಳಿದುಕೊಂಡರೆ, ಅಂಗಳದಲ್ಲಿ ಕೇಳಿದ ಗದ್ದಲದಿಂದ ಅದನ್ನು ಕಳೆದು ಚೆಂಡೆಯನ್ನು ಮತ್ತೆ ಹೆಕ್ಕಬಹುದು. ವಾಚಿನಲ್ಲಿ ಅಕ್ಸೆಲೆರೋಮೀಟರ್ ಮಾಡುವ ಕೆಲಸ ಈ ಎರಡನೆಯವನದು. ಕೈ ಬೀಸುವ ಲಯ ಅದಕ್ಕೆ ಗೊತ್ತು. ಬೆಳಕಿನ ಸೆನ್ಸರ್ ಹಿಡಿದ ಕಲಸುಮೇಲೋಗರದಿಂದ ಆ ಲಯವನ್ನು ಸಾಫ್ಟ್‌ವೇರ್ ತೆಗೆದುಹಾಕುತ್ತದೆ. ನಿಜವಾದ ಫಜೀತಿ ಆಗುವುದು ಪಂಪ್‌ಸೆಟ್ಟೂ ಚೆಂಡೆಯೂ ಒಂದೇ ಗತಿಗೆ ಬಂದಾಗ. ಓಡುವವರ ಹೆಜ್ಜೆ ನಿಮಿಷಕ್ಕೆ 160ರಿಂದ 180ರವರೆಗೆ ಬೀಳುತ್ತದೆ, ಜೋರಾಗಿ ಓಡುವಾಗ ಹೃದಯ ಬಡಿತವೂ ಅಲ್ಲಿಗೇ ಹತ್ತಿರ ಇರುತ್ತದೆ. ಆಗ ವಾಚು ಹೆಜ್ಜೆಯನ್ನೇ ಹೃದಯವೆಂದು ಎಣಿಸಿಬಿಡುವುದುಂಟು. ಹದವಾಗಿ ಓಡುತ್ತಿರುವವರ ಮಣಿಕಟ್ಟಿನಲ್ಲಿ ಇದ್ದಕ್ಕಿದ್ದಂತೆ 172 ಕಾಣಿಸಿಕೊಂಡು ಅಲ್ಲೇ ಅಂಟಿಕೊಂಡರೆ ಹೆದರುವ ಮುನ್ನ ಹೆಜ್ಜೆಯನ್ನು ಎಣಿಸಿ ನೋಡುವುದು ಒಳ್ಳೆಯದು.

ಅಗ್ಗದ ವಾಚಿಗೂ ದುಬಾರಿ ವಾಚಿಗೂ ನಿಜವಾದ ವ್ಯತ್ಯಾಸ ಬರುವುದು ಇಲ್ಲಿ. ದೀಪ, ಸೆನ್ಸರ್ ಎರಡೂ ಈಗ ಬಹಳ ಅಗ್ಗ. ದುಬಾರಿಯಾದದ್ದು ಗದ್ದಲವನ್ನು ಕಳೆಯುವ ಲೆಕ್ಕ, ಮತ್ತು ಅದನ್ನು ಸಾವಿರಾರು ಜನರ ಮೇಲೆ ಪರೀಕ್ಷಿಸಿ ತಿದ್ದುವ ವರ್ಷಗಟ್ಟಲೆಯ ದುಡಿಮೆ. ಕೂತಾಗ, ಮಲಗಿದಾಗ ಎರಡು ಸಾವಿರದ ವಾಚೂ ಇಪ್ಪತ್ತು ಸಾವಿರದ ವಾಚೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತವೆ. ಓಟ, ಸ್ಕಿಪ್ಪಿಂಗ್, ಭಾರ ಎತ್ತುವಿಕೆ ಶುರುವಾದಾಗ ಬಣ್ಣ ಬಯಲಾಗುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು 2020ರಲ್ಲಿ ಹಲವು ವಾಚುಗಳನ್ನು ಹೋಲಿಸಿದಾಗ, ವಿಶ್ರಾಂತಿಗಿಂತ ಚಟುವಟಿಕೆಯ ವೇಳೆ ತಪ್ಪು ಸರಾಸರಿ ಶೇಕಡಾ 30ರಷ್ಟು ಹೆಚ್ಚಿತ್ತು. ನಮ್ಮ ಕಡೆಯವರಿಗೆ ಸಂಬಂಧಪಟ್ಟ ಇನ್ನೊಂದು ಮಾತು ಅದೇ ಅಧ್ಯಯನದಲ್ಲಿದೆ. ಕಪ್ಪು ಚರ್ಮದ ಮೆಲನಿನ್ ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ ನಾಡಿಯೆಣಿಕೆ ತಪ್ಪಬಹುದೆಂಬ ಅನುಮಾನ ಬಹಳ ದಿನದಿಂದ ಇತ್ತು. ಹೃದಯ ಬಡಿತದ ಮಟ್ಟಿಗೆ ಬೇರೆ ಬೇರೆ ಮೈಬಣ್ಣಗಳ ನಡುವೆ ಗಣನೀಯ ವ್ಯತ್ಯಾಸ ಈ ತಂಡಕ್ಕೆ ಕಾಣಲಿಲ್ಲ. ಆದರೆ ಹಚ್ಚೆ ಬೇರೆ ವಿಚಾರ. ಮಣಿಕಟ್ಟಿನ ಮೇಲೆ ದಟ್ಟ ಹಚ್ಚೆಯಿದ್ದರೆ ಅದರ ಶಾಯಿ ಬೆಳಕನ್ನು ತಡೆಯುತ್ತದೆ, ವಾಚನ್ನು ಇನ್ನೊಂದು ಕೈಗೆ ಕಟ್ಟಬೇಕಾಗುತ್ತದೆ.

ಪಟ್ಟಿಯನ್ನು ಕಟ್ಟುವ ಕ್ರಮವೂ ಬೆಲೆಯಷ್ಟೇ ಮುಖ್ಯ. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳಿನಷ್ಟು ಮೇಲೆ, ಕೈ ಆಡಿಸಿದರೆ ಜಾರದಷ್ಟು ಬಿಗಿಯಾಗಿ ಕಟ್ಟಬೇಕು. ಸಡಿಲ ಬಿಟ್ಟರೆ ಹೊರಗಿನ ಬಿಸಿಲು ಸೆನ್ಸರಿನೊಳಕ್ಕೆ ನುಗ್ಗುತ್ತದೆ; ತೀರ ಬಿಗಿದರೆ ನಾಳಗಳೇ ಅದುಮಿಹೋಗುತ್ತವೆ. ಚಳಿಗಾಲದ ಬೆಳಗಿನ ಜಾವ ಚರ್ಮಕ್ಕೆ ರಕ್ತ ಕಡಿಮೆ ಹರಿಯುವುದರಿಂದ ವಾಕಿಂಗಿನ ಮೊದಲ ಹತ್ತು ನಿಮಿಷದ ಅಂಕಿಗಳು ಹಾರಾಡುವುದು ಸಹಜ. ಓಟವನ್ನೋ ಸೈಕ್ಲಿಂಗನ್ನೋ ಗಂಭೀರವಾಗಿ ತೆಗೆದುಕೊಂಡವರಿಗೆ ಇದಕ್ಕಿಂತ ಹಳೆಯ, ಇದಕ್ಕಿಂತ ನಿಖರವಾದ ದಾರಿ ಇದೆ. ಎದೆಗೆ ಕಟ್ಟುವ ಪಟ್ಟಿ ಬೆಳಕನ್ನು ನಂಬದೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಫಿನ್ಲೆಂಡಿನಲ್ಲಿ ಸೆಪ್ಪೊ ಸೈನಾಯಕಂಗಸ್ 1977ರಲ್ಲಿ ಶುರುಮಾಡಿದ ಪೋಲಾರ್ ಕಂಪನಿ 1982ರಲ್ಲಿ ಇಂಥ ತಂತಿರಹಿತ ಮಾಪಕವನ್ನು ಮಾರುಕಟ್ಟೆಗೆ ತಂದಿತು. ಈಗಿನ ಎದೆಪಟ್ಟಿಗಳು ಬ್ಲೂಟೂತ್ ಮೂಲಕ ನೇರವಾಗಿ ಫೋನಿಗೇ ಜೋಡಿಯಾಗುತ್ತವೆ. ಹೀಗಾಗಿ ಅಗ್ಗದ ವಾಚು ಮತ್ತು ಒಂದು ಎದೆಪಟ್ಟಿ, ಈ ಜೋಡಿ ಒಂದೇ ದುಬಾರಿ ವಾಚಿಗಿಂತ ಹಲವರಿಗೆ ಜಾಣ ಖರೀದಿ.

ಬಡಿತದಿಂದ ಒಂದು ಮೆಟ್ಟಿಲು ಆಚೆಗೆ ರಕ್ತದ ಆಮ್ಲಜನಕ, ಅಂದರೆ ಎಸ್‌ಪಿಓ2. ಇದರ ಹಿಂದಿನ ಕತೆ ವೈದ್ಯಕೀಯ ಇತಿಹಾಸದ ಸೊಗಸಾದ ಕತೆಗಳಲ್ಲಿ ಒಂದು. 1970ರ ದಶಕದ ಆರಂಭದಲ್ಲಿ ಜಪಾನಿನ ನಿಹೊನ್ ಕೊಹ್ಡೆನ್ ಕಂಪನಿಯ ಎಂಜಿನಿಯರ್ ತಕುವೊ ಅಯೊಯಾಗಿ, ಹೃದಯ ಎಷ್ಟು ರಕ್ತ ಪಂಪು ಮಾಡುತ್ತದೆಂದು ಅಳೆಯಲು ಹೊರಟಿದ್ದರು. ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಮೂಲಕ ಬೆಳಕು ಹಾಯಿಸಿ, ಬಣ್ಣ ತಿಳಿಯಾಗುವ ರೇಖೆಯನ್ನು ಪಡೆಯುವುದು ಅವರ ಉಪಾಯ. ಆ ರೇಖೆಯ ಮೇಲೆ ನಾಡಿಮಿಡಿತದ ಅಲೆಗಳು ಕೂತು ಅದನ್ನು ಕೆಡಿಸುತ್ತಿದ್ದವು. ಪೀಡೆಯನ್ನು ಅಳಿಸಲು ಅಯೊಯಾಗಿ ಎರಡು ಬೇರೆ ತರಂಗಾಂತರಗಳ ಬೆಳಕನ್ನು ಬಳಸಿ, ಒಂದರ ಅಲೆಯಿಂದ ಇನ್ನೊಂದರ ಅಲೆಯನ್ನು ಕಳೆದರು. ಅಲೆ ಅಳಿಸಿತು. ಆದರೆ ರಕ್ತದ ಆಮ್ಲಜನಕ ಇಳಿದಾಗೆಲ್ಲ ಈ ಸಮತೋಲ ತಪ್ಪಿ ಅಲೆ ಮತ್ತೆ ಮೇಲೇಳುತ್ತಿತ್ತು. ಅಳಿಸಬೇಕೆಂದಿದ್ದ ಅಲೆಯಲ್ಲೇ ಆಮ್ಲಜನಕದ ಅಳತೆ ಅಡಗಿದೆ ಎಂದು ಅವರಿಗೆ ಹೊಳೆದದ್ದು ಆಗ. ಅಲೆಯೊಡನೆ ಬದಲಾಗುವುದು ಅಪಧಮನಿಯ ರಕ್ತ ಮಾತ್ರ; ಆದ್ದರಿಂದ ಅಲೆಯನ್ನಷ್ಟೇ ಎರಡು ಬಣ್ಣಗಳಲ್ಲಿ ಹೋಲಿಸಿದರೆ ಚರ್ಮ, ಮೂಳೆಗಳ ತಕರಾರೇ ಇರುವುದಿಲ್ಲ. 1974ರಲ್ಲಿ ಅವರು ಇದನ್ನು ಮಂಡಿಸಿದರು. ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಡುವ ಕೊಠಡಿಯಿಂದ ಹೊರಟ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಹಳ್ಳಿಮನೆಗಳ ಕಪಾಟಿಗೂ ಬಂತು. ಅಯೊಯಾಗಿ ತೀರಿಕೊಂಡದ್ದು ಆ ಸೋಂಕು ಜಗತ್ತನ್ನು ಹಬ್ಬಿದ್ದ 2020ರ ಏಪ್ರಿಲ್‌ನಲ್ಲೇ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕು ಮತ್ತು 940ರ ಆಸುಪಾಸಿನ ಅವಗೆಂಪು ಬೆಳಕು ಬೆರಳನ್ನು ಹಾದು ಆಚೆಗೆ ಹೋಗುತ್ತವೆ. ಬೆರಳ ತುದಿ ರಕ್ತನಾಳಗಳ ಗೂಡು, ಅಲ್ಲಿ ಅಲೆ ದೊಡ್ಡದು. ಮಣಿಕಟ್ಟನ್ನು ಬೆಳಕು ಹಾಯಲಾರದು; ಚದುರಿ ಮರಳಿ ಬಂದಷ್ಟನ್ನೇ ನೋಡಬೇಕು. ಅಲ್ಲಿ ಕೆಂಪು ಮತ್ತು ಅವಗೆಂಪಿನಲ್ಲಿ ಸಿಗುವ ಅಲೆ ತೀರ ಸಣ್ಣದು, ಅದರಲ್ಲಿ ಶೇಕಡಾ ಎರಡು-ಮೂರರ ವ್ಯತ್ಯಾಸ ಹುಡುಕಬೇಕು. ಆರೋಗ್ಯವಂತರ ಮಟ್ಟ ಹೇಗೂ 95ರಿಂದ 100ರ ನಡುವೆ ಇರುವುದರಿಂದ, ಕಣ್ಣು ಮುಚ್ಚಿಕೊಂಡು 97 ಎಂದು ಹೇಳುವ ವಾಚು ಕೂಡ ಬಹಳ ದಿನ ಸಿಕ್ಕಿಬೀಳದೆ ಬದುಕಬಲ್ಲದು. ಎಸ್‌ಪಿಓ2 ವಿಷಯದಲ್ಲಿ ಮೈಬಣ್ಣದ ಪ್ರಶ್ನೆ ಹಗುರವಾದದ್ದಲ್ಲ. 2020ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಆಸ್ಪತ್ರೆಯ ಉತ್ತಮ ಆಕ್ಸಿಮೀಟರುಗಳೇ ಕಪ್ಪು ವರ್ಣೀಯ ರೋಗಿಗಳಲ್ಲಿ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ತಪ್ಪಿಸಿಕೊಂಡಿದ್ದವು. ಬೆರಳಿನ ಸಾಧನದ ಪಾಡೇ ಹೀಗಿರುವಾಗ ಮಣಿಕಟ್ಟಿನ ಅಗ್ಗದ ಸೆನ್ಸರಿನ ಮೇಲೆ ಉಸಿರಾಟದ ರೋಗಿಗಳು ಭರವಸೆ ಇಡುವುದು ಸಲ್ಲದು. ಅಂಥವರಿಗೆ ಬೆರಳಿನ ಆಕ್ಸಿಮೀಟರೇ ಮೇಲು, ಅದು ವಾಚಿಗಿಂತ ಅಗ್ಗವೂ ಹೌದು.

ಇನ್ನೊಂದು ಮೆಟ್ಟಿಲು ಆಚೆಗೆ ಹೋದರೆ ಬಿಪಿ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವ ವಿಧಾನವನ್ನು ಇಟಲಿಯ ರಿವಾ-ರೊಚ್ಚಿ 1896ರಲ್ಲಿ ತಂದ. ಸ್ಟೆತೊಸ್ಕೋಪ್ ಇಟ್ಟು ಸದ್ದು ಆಲಿಸುವುದನ್ನು ರಷ್ಯಾದ ಕೊರೊಟ್ಕೊವ್ 1905ರಲ್ಲಿ ಸೇರಿಸಿದ. ಒತ್ತಡವನ್ನು ಅಳೆಯಲು ಒತ್ತಡವನ್ನೇ ಹಾಕಿ ನೋಡುವುದು ಅದರ ಸಾರ. ಬೆಳಕಿನ ವಾಚು ಏನನ್ನೂ ಒತ್ತುವುದಿಲ್ಲ. ನಾಡಿಯಲೆಯ ಆಕಾರ ನೋಡಿ ಒತ್ತಡ ಇಷ್ಟಿರಬಹುದೆಂದು ಅಂದಾಜಿಸುತ್ತದೆ. ದೊಡ್ಡ ಕಂಪನಿಗಳು ಕೂಡ ಈ ಅಂದಾಜಿಗೆ ಊರುಗೋಲು ಕೊಡುತ್ತವೆ: ಸ್ಯಾಮ್‌ಸಂಗ್‌ನ ವಾಚಿನಲ್ಲಿ ಬಿಪಿ ನೋಡಬೇಕಾದರೆ ನಾಲ್ಕು ವಾರಕ್ಕೊಮ್ಮೆ ತೋಳುಪಟ್ಟಿಯ ಯಂತ್ರದೊಂದಿಗೆ ಹೊಂದಿಸಿಕೊಳ್ಳಬೇಕು. ಎರಡು ಸಾವಿರದ ವಾಚು ಇದ್ಯಾವುದನ್ನೂ ಕೇಳದೆ ಬಳಕೆದಾರರ ವಯಸ್ಸು, ಎತ್ತರ, ತೂಕ ತಿಳಿದುಕೊಂಡು ಅರ್ಧ ನಿಮಿಷದಲ್ಲಿ 121/79 ಎಂದುಬಿಟ್ಟರೆ ಅದನ್ನು ಅಳತೆ ಎನ್ನಲಾಗದು. ಹೆಚ್ಚಿನ ಜನರ ಬಿಪಿ ಆ ಸುತ್ತಮುತ್ತಲೇ ಇರುವುದರಿಂದ ಸುಳ್ಳು ಬಹಳ ಕಾಲ ನಿಜದಂತೆ ಕಾಣುತ್ತದೆ; ಯಾರ ಬಿಪಿ ನಿಜವಾಗಿ 160 ದಾಟಿದೆಯೋ ಅವರಿಗೆ ಮಾತ್ರ ಅಪಾಯ. ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಯಂತ್ರ ಸರಿಸುಮಾರು ಅದೇ ಬೆಲೆಗೆ ಔಷಧಿ ಅಂಗಡಿಯಲ್ಲೇ ಸಿಗುತ್ತದೆ.

ಶುಗರ್ ತೋರಿಸುವ ವಾಚುಗಳ ವಿಷಯದಲ್ಲಿ ತೂಗಿನೋಡುವ ಅಗತ್ಯವೇ ಇಲ್ಲ. ಚರ್ಮವನ್ನು ಚುಚ್ಚದೆ ತಾನಾಗಿಯೇ ರಕ್ತದ ಸಕ್ಕರೆ ಅಳೆಯುವ ಯಾವುದೇ ಸ್ಮಾರ್ಟ್‌ವಾಚಿಗೂ ಸ್ಮಾರ್ಟ್ ಉಂಗುರಕ್ಕೂ ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿ 21ರಂದು ಎಚ್ಚರಿಕೆ ಹೊರಡಿಸಿತು. ತಪ್ಪು ಅಂಕಿ ನೋಡಿ ಇನ್ಸುಲಿನ್ ಹೆಚ್ಚು ತೆಗೆದುಕೊಂಡವರ ಸಕ್ಕರೆ ಮಟ್ಟ ಕುಸಿದು, ಅವರು ಪ್ರಜ್ಞೆ ತಪ್ಪುವ, ಜೀವವೇ ಹೋಗುವ ಸಾಧ್ಯತೆಯಿದೆ. ತೋಳಿಗೆ ಅಂಟಿಸುವ, ಚರ್ಮದಡಿಗೆ ಸೂಕ್ಷ್ಮ ಎಳೆ ಇಳಿಸುವ ಸೆನ್ಸರುಗಳಿಂದ ಬಂದ ಅಂಕಿಯನ್ನು ವಾಚು ತೋರಿಸಬಹುದು. ಅಲ್ಲಿ ವಾಚು ಬರಿಯ ಪರದೆ. ತಾನೇ ಅಳೆಯುತ್ತೇನೆ ಎನ್ನುವ ಅಗ್ಗದ ವಾಚಿನ ಪೆಟ್ಟಿಗೆಯನ್ನು ಅಲ್ಲಿಗೇ ಕೆಳಗಿಡಬಹುದು. ಅದರ ಮಿಕ್ಕ ಅಂಕಿಗಳ ಪ್ರಾಮಾಣಿಕತೆ ಎಷ್ಟೆಂಬುದೂ ಅದರಿಂದಲೇ ತಿಳಿಯಿತು.

ಇಸಿಜಿ ಹೆಸರಿನಲ್ಲೂ ಇಂಥ ಕಣ್ಕಟ್ಟು ನಡೆಯುತ್ತದೆ. ಹೃದಯದ ವಿದ್ಯುತ್ತನ್ನು ಓದಬೇಕಾದರೆ ದೇಹದ ಎರಡು ಜಾಗಗಳನ್ನು ಲೋಹದ ಬಿಂದುಗಳು ಮುಟ್ಟಬೇಕು. ಆದ್ದರಿಂದ ನಿಜವಾದ ಇಸಿಜಿ ವಾಚಿನ ಬೆನ್ನು ಒಂದು ಕೈಯನ್ನು ಮುಟ್ಟಿರುತ್ತದೆ, ಇನ್ನೊಂದು ಕೈಯ ಬೆರಳನ್ನು ಗುಂಡಿಯ ಮೇಲೋ ಅಂಚಿನ ಮೇಲೋ ಇಡಲು ಅದು ಕೇಳುತ್ತದೆ. ಬೆರಳನ್ನೇ ಕೇಳದೆ ಪರದೆಯ ಮೇಲೆ ಚೂಪು ಚೂಪಾದ ಗೆರೆ ಓಡಿಸುವ ವಾಚು ತೋರಿಸುತ್ತಿರುವುದು ಚಿತ್ರವನ್ನಷ್ಟೇ. ಬೆಳಕಿನಿಂದಲೇ ಅನಿಯಮಿತ ಬಡಿತವನ್ನು ಹಿಡಿಯಬಹುದೇ ಎಂದು 4,19,297 ಜನರನ್ನು ಸೇರಿಸಿಕೊಂಡು ನಡೆದ ಆ್ಯಪಲ್ ಹಾರ್ಟ್ ಸ್ಟಡಿಯ ಫಲಿತಾಂಶ 2019ರಲ್ಲಿ ಹೊರಬಂತು. ಎಚ್ಚರಿಕೆ ಹೋದದ್ದು ಕೇವಲ ಶೇಕಡಾ 0.52 ಮಂದಿಗೆ, ಅವರಲ್ಲಿ ಆಮೇಲೆ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಮರಳಿಸಿದ 450 ಜನರಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಎಂಬ ಬಡಿತದೋಷ ಸಿಕ್ಕಿದ್ದು ಶೇಕಡಾ 34ರಷ್ಟು ಮಂದಿಯಲ್ಲಿ. ಆ ದೋಷ ಬಂದು ಹೋಗುವಂಥದ್ದಾದ್ದರಿಂದ ಇದನ್ನು ಸೋಲೆನ್ನಲಾಗದು, ಆದರೆ ದುಬಾರಿ ವಾಚಿನ ಎಚ್ಚರಿಕೆಯೂ ರೋಗನಿರ್ಣಯವಲ್ಲ.

ಎರಡನೆಯ ಮೂಲ ಅಳತೆ ಅಲುಗಾಟ. ಅಕ್ಸೆಲೆರೋಮೀಟರ್ ಎಂಬುದು ಸಿಲಿಕಾನ್ ಚಿಪ್ಪಿನಲ್ಲಿ ಕೊರೆದ, ಕೂದಲಿಗಿಂತ ತೆಳುವಾದ ಸ್ಪ್ರಿಂಗುಗಳಿಗೆ ತೂಗುಬಿಟ್ಟ ಒಂದು ಸೂಕ್ಷ್ಮ ತೂಕ. ಕೈ ಅಲುಗಿದಾಗ ಆ ತೂಕ ಸರಿಯುತ್ತದೆ, ಸರಿದದ್ದು ವಿದ್ಯುತ್ ಸಂಕೇತವಾಗುತ್ತದೆ. ಕಾರು ಗುದ್ದಿದ ಕ್ಷಣದಲ್ಲಿ ಏರ್‌ಬ್ಯಾಗ್ ಬಿಚ್ಚಲೆಂದು 1990ರ ದಶಕದಲ್ಲಿ ಬೆಳೆದ ಈ ಚಿಪ್ಪು ಈಗ ಹೆಜ್ಜೆ ಎಣಿಸುತ್ತಿದೆ. ಸಮತಟ್ಟಾದ ದಾರಿಯಲ್ಲಿ ಕೈ ಬೀಸಿ ನಡೆಯುವವರ ಹೆಜ್ಜೆಯನ್ನು ಅಗ್ಗದ ವಾಚೂ ಚೆನ್ನಾಗಿಯೇ ಎಣಿಸುತ್ತದೆ. ಎಡವುವುದು ಅಂಚಿನಲ್ಲಿ. ರೊಟ್ಟಿ ತಟ್ಟುವ ಕೈ, ಗುಂಡಿಬಿದ್ದ ರಸ್ತೆಯಲ್ಲಿ ಸ್ಕೂಟರ್ ಹಿಡಿದ ಕೈ ನಡೆಯದೆಯೇ ಹೆಜ್ಜೆ ಗಳಿಸುತ್ತವೆ. ಮಗುವಿನ ಗಾಡಿ ತಳ್ಳುವವರ, ತಲೆಯ ಮೇಲಿನ ಕೊಡ ಹಿಡಿದುಕೊಂಡವರ ಹೆಜ್ಜೆಗಳು ಲೆಕ್ಕಕ್ಕೇ ಬರುವುದಿಲ್ಲ.

ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯನ್ನು ಬಹುತೇಕ ವಾಚುಗಳು ಹುಟ್ಟಿನಿಂದಲೇ ಹೊತ್ತು ಬರುತ್ತವೆ. ಅದು ಯಾವ ಪ್ರಯೋಗಾಲಯದಿಂದಲೂ ಹೊರಟದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ ಜಪಾನಿನ ಯಮಸಾ ಕಂಪನಿ ಮಾರಿದ ಹೆಜ್ಜೆಮಾಪಕದ ಹೆಸರು ಮಂಪೊ-ಕೆಯ್, ಅಂದರೆ ಹತ್ತುಸಾವಿರ ಹೆಜ್ಜೆಯ ಮಾಪಕ. ಒಂದು ಜಾಹೀರಾತಿನ ದುಂಡುಸಂಖ್ಯೆ ಅರ್ಧ ಶತಮಾನದಲ್ಲಿ ಆರೋಗ್ಯಸೂತ್ರವಾಯಿತು. ಹಾರ್ವರ್ಡಿನ ಐ-ಮಿನ್ ಲೀ ಮತ್ತು ಸಂಗಡಿಗರು 16,741 ವಯಸ್ಸಾದ ಮಹಿಳೆಯರನ್ನು ಅಭ್ಯಸಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಹೇಳುತ್ತದೆ. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಶೇಕಡಾ 41ರಷ್ಟು ಕಡಿಮೆ ಇತ್ತು. 7,500ರ ಸುತ್ತಮುತ್ತ ಆ ಲಾಭ ಸಮತಟ್ಟಾಯಿತು. ವಾಚು ಕೊಂಡ ದಿನವೇ ಅದರ ಗುರಿಯನ್ನು ಬದಲಿಸಿಕೊಳ್ಳಲು ಇಷ್ಟು ಕಾರಣ ಸಾಕು. ಬದಲಿಸಲು ಬಿಡದ ಆ್ಯಪ್ ಇದ್ದರೆ ಅದು ಆ ವಾಚಿನ ಒಂದು ಕೊರತೆ.

ಕ್ಯಾಲೊರಿ ಎಂಬುದು ಬೆಳಕು ಮತ್ತು ಅಲುಗಾಟ ಎರಡನ್ನೂ ಕಲಸಿ, ವಯಸ್ಸು-ತೂಕ ಬೆರೆಸಿ ಬೇಯಿಸಿದ ಅಂಕಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 60 ಮಂದಿಯ ಮೇಲೆ ಏಳು ಬಗೆಯ ವಾಚುಗಳನ್ನು ಪರೀಕ್ಷಿಸಿತು. ಅವು ಅಗ್ಗದವೂ ಆಗಿರಲಿಲ್ಲ. ಹೃದಯ ಬಡಿತದಲ್ಲಿ ಆರು ವಾಚುಗಳ ತಪ್ಪು ಶೇಕಡಾ 5ರೊಳಗೇ ಇತ್ತು. ಕ್ಯಾಲೊರಿಯಲ್ಲಿ ಅತ್ಯುತ್ತಮ ಎನಿಸಿದ್ದೇ ಸರಾಸರಿ ಶೇಕಡಾ 27ರಷ್ಟು, ತೀರ ಕೆಟ್ಟದ್ದು ಶೇಕಡಾ 93ರಷ್ಟು ತಪ್ಪು ಹೇಳಿತು. ಒಂದೇ ವಾಚು, ಒಂದೇ ಕೈ, ಎರಡು ಅಂಕಿಗಳ ನಡುವೆ ಇಷ್ಟು ಅಂತರ. ಸಂಜೆಯ ವಾಕಿಂಗಿನಲ್ಲಿ 400 ಕ್ಯಾಲೊರಿ ಕರಗಿತೆಂದು ವಾಚು ಹೇಳಿದ್ದನ್ನು ನಂಬಿ ಒಂದು ಮಸಾಲೆ ದೋಸೆ ತಿಂದವರ ತೂಕ ಏಕೆ ಇಳಿಯುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 471 ಯುವಜನರ ಮೇಲೆ ಎರಡು ವರ್ಷ ನಡೆದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಥ್ಯ ಮತ್ತು ಸಲಹೆಯ ಜೊತೆಗೆ ತೋಳಿಗೆ ಮಾಪಕ ಕಟ್ಟಿಕೊಂಡವರು ಸರಾಸರಿ 3.5 ಕಿಲೊ ಇಳಿದರೆ, ಮಾಪಕವಿಲ್ಲದೆ ವ್ಯಾಯಾಮವನ್ನು ತಾವೇ ದಾಖಲಿಸುತ್ತ ಹೋದವರು 5.9 ಕಿಲೊ ಇಳಿದಿದ್ದರು.

ವ್ಯಾಯಾಮದ ತೀವ್ರತೆಯನ್ನು ಬಣ್ಣಬಣ್ಣದ ವಲಯಗಳಾಗಿ ತೋರಿಸುವ ಲೆಕ್ಕದ ಬುಡದಲ್ಲಿ ಸಾಮಾನ್ಯವಾಗಿ ಇರುವುದು 220ರಿಂದ ವಯಸ್ಸನ್ನು ಕಳೆಯುವ ಹಳೆಯ ಸೂತ್ರ. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಕೊಟ್ಟ ಸೂತ್ರದಲ್ಲಿ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಬೇಕು. ನಲವತ್ತರ ವಯಸ್ಸಿನಲ್ಲಿ ಎರಡೂ 180 ಎನ್ನುತ್ತವೆ. ಅರವತ್ತರಲ್ಲಿ ಹಳೆಯದು 160, ಹೊಸದು 166. ಸೂತ್ರ ಯಾವುದಾದರೂ ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಬಡಿತದ ಹೆಚ್ಚುಕಡಿಮೆ ಇದ್ದದ್ದೇ. ಬಿಪಿ ಮಾತ್ರೆಗಳಲ್ಲಿ ಬೀಟಾ ಬ್ಲಾಕರ್ ಸೇವಿಸುವವರ ಬಡಿತ ಮೇಲೇರುವುದೇ ಕಡಿಮೆಯಾದ್ದರಿಂದ ಅವರಿಗೆ ಈ ವಲಯಗಳು ಹೊಂದುವುದಿಲ್ಲ. ಹಾಡಲಾಗದಷ್ಟು, ಆದರೆ ಮಾತಾಡಬಹುದಾದಷ್ಟು ಏದುಸಿರು ಬಂದರೆ ಅದು ಮಧ್ಯಮ ವ್ಯಾಯಾಮ. ವಾರಕ್ಕೆ 150ರಿಂದ 300 ನಿಮಿಷ ಅಂಥದ್ದು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಿದ್ರೆಯ ವಿಚಾರಕ್ಕೆ ಬಂದರೆ, ಕಣ್ಣುಗುಡ್ಡೆ ಚುರುಕಾಗಿ ಓಡಾಡುವ ಕನಸಿನ ನಿದ್ರೆಯನ್ನು ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ವರದಿ ಮಾಡಿದರು. ನಿದ್ರೆಯ ಹಂತಗಳನ್ನು ಖಚಿತವಾಗಿ ಹೇಳಲು ಇಂದಿಗೂ ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆಗಳನ್ನು ಓದಬೇಕು. ಕೈಗೆ ಕಟ್ಟಿದ ವಾಚಿಗೆ ಮೆದುಳು ಎಟುಕದು. ಕೈ ಅಲುಗದಿದ್ದರೆ, ಬಡಿತ ನಿಧಾನವಾದರೆ ನಿದ್ರೆ ಎಂದುಕೊಳ್ಳುತ್ತದೆ. ಮಲಗಿದ್ದು ಎಷ್ಟು ಹೊತ್ತು, ಎದ್ದದ್ದು ಎಷ್ಟು ಹೊತ್ತಿಗೆ ಎಂಬುದರಲ್ಲಿ ಅದು ಹೆಚ್ಚು ಎಡವುವುದಿಲ್ಲ. ಗಾಢ ನಿದ್ರೆ 1 ಗಂಟೆ 12 ನಿಮಿಷ ಎಂಬಂಥ ಖಚಿತತೆ ಮಾತ್ರ ಅಲಂಕಾರ. ಸೂರು ನೋಡುತ್ತ ಅಲುಗದೆ ಮಲಗಿದ ನಿದ್ರಾಹೀನರಿಗೆ ಇದು ಒಳ್ಳೆಯ ನಿದ್ರೆಯ ಅಂಕ ಕೊಟ್ಟುಬಿಡಬಹುದು. ವಾಚಿನ ಅಂಕ ಚೆನ್ನಾಗಿ ಬರಲಿಲ್ಲವೆಂಬ ಚಿಂತೆಯಲ್ಲೇ ನಿದ್ದೆಗೆಡುವವರಿಗೆ ಅಮೆರಿಕದ ನಿದ್ರಾತಜ್ಞರು 2017ರಲ್ಲಿ ಆರ್ಥೊಸೊಮ್ನಿಯ ಎಂಬ ಹೆಸರನ್ನೇ ಕೊಟ್ಟರು. ನಾಡಿಯ ಲಯದ ಸಣ್ಣ ಏರುಪೇರಿನಿಂದ ಲೆಕ್ಕ ಹಾಕುವ ಒತ್ತಡದ ಅಂಕಿಯೂ ಇದೇ ಜಾತಿಯದು. ಎರಡು ಲೋಟ ಸ್ಟ್ರಾಂಗ್ ಕಾಫಿಗೂ ಮನಸ್ಸಿನ ಕಳವಳಕ್ಕೂ ಅದು ವ್ಯತ್ಯಾಸ ಕಾಣದು.

ಹೊರಗೆ ಓಡುವವರು ಪೆಟ್ಟಿಗೆಯ ಮೇಲೆ ಜಿಪಿಎಸ್ ಎಂಬ ಪದವನ್ನು ಸೂಕ್ಷ್ಮವಾಗಿ ಓದಬೇಕು. ಕನೆಕ್ಟೆಡ್ ಜಿಪಿಎಸ್ ಎಂದಿದ್ದರೆ ವಾಚಿನಲ್ಲಿ ಜಿಪಿಎಸ್ ಇಲ್ಲವೆಂದೇ ಅರ್ಥ. ಜೇಬಿನ ಫೋನಿನದನ್ನು ಅದು ಎರವಲು ಪಡೆಯುತ್ತದೆ. ಫೋನನ್ನು ಹೇಗೂ ಒಯ್ಯುವವರಿಗೆ ಅದರಿಂದ ನಷ್ಟವಿಲ್ಲ. ಫೋನೂ ಇಲ್ಲ, ಜಿಪಿಎಸ್ಸೂ ಇಲ್ಲ ಎಂದಾದರೆ ದೂರವನ್ನು ಹೆಜ್ಜೆ ಮತ್ತು ಎತ್ತರದಿಂದ ಊಹಿಸಬೇಕಾಗುತ್ತದೆ, ಐದು ಕಿಲೊಮೀಟರಿನ ಓಟ ಐದೂವರೆ ಆಗುವುದು ಹೀಗೆ. ನ್ಯಾವಿಕ್ ಬೆಂಬಲವಿದೆ ಎಂಬ ಜಾಹೀರಾತೂ ಈಗೀಗ ಕಾಣುತ್ತದೆ. ಇಸ್ರೋದ ಈ ದೇಶೀ ವ್ಯವಸ್ಥೆಯ ನ್ಯಾವಿಗೇಶನ್ ಕೇಂದ್ರ ಬೆಂಗಳೂರಿಗೆ ಹತ್ತಿರದ ಬ್ಯಾಲಾಳುವಿನಲ್ಲಿದೆ. ಫೋನು ಮತ್ತು ವಾಚುಗಳ ಅಗ್ಗದ ಚಿಪ್ಪುಗಳು ಹೆಚ್ಚಾಗಿ ಕೇಳಿಸಿಕೊಳ್ಳುವುದು 1575.42 ಮೆಗಾಹರ್ಟ್ಸಿನ ಎಲ್1 ತರಂಗವನ್ನು. ಮೊದಲ ಪೀಳಿಗೆಯ ನ್ಯಾವಿಕ್ ಉಪಗ್ರಹಗಳಲ್ಲಿ ಆ ತರಂಗ ಇರಲಿಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಅದನ್ನು ಸೇರಿಸಿಕೊಂಡಿತು. ಅಭಿಮಾನಪಡುವ ವಿಷಯವೇ, ಆದರೆ ಮರಗಳ ದಟ್ಟ ನೆರಳಿನಲ್ಲೋ ಎತ್ತರದ ಕಟ್ಟಡಗಳ ಸಂದಿಯಲ್ಲೋ ದಾರಿಯ ಗೆರೆ ಸೊಟ್ಟಾಗುವುದನ್ನು ತಡೆಯುವಲ್ಲಿ ಆ್ಯಂಟೆನಾದ ಗುಣಮಟ್ಟದ ಪಾತ್ರ ಪೆಟ್ಟಿಗೆಯ ಮೇಲಿನ ಹೆಸರಿಗಿಂತ ದೊಡ್ಡದು.

ನೀರಿನ ವಿಷಯದಲ್ಲಿ ಐಪಿ68 ಎಂದರೆ ಕಂಪನಿ ಹೇಳಿದ ಆಳದ ತಿಳಿನೀರಿನಲ್ಲಿ ಅಲುಗದೆ ಮುಳುಗಿದ್ದರೆ ಅಡ್ಡಿಯಿಲ್ಲ ಎಂದಷ್ಟೇ. ಈಜುವವರಿಗೆ 5 ಎಟಿಎಂ ಎಂಬ ಗುರುತು ಬೇಕು. ಬಿಸಿನೀರು ಮತ್ತು ಸಾಬೂನು ಎರಡೂ ರಬ್ಬರಿನ ಬೆಸುಗೆಯನ್ನು ಕ್ರಮೇಣ ಸಡಿಲಿಸುವುದರಿಂದ ಸ್ನಾನಕ್ಕೆ ಮುಂಚೆ ಬಿಚ್ಚಿಡುವುದು ವಾಸಿ.

ಅಗ್ಗದ ವಾಚಿನ ಬುದ್ಧಿ ಇರುವುದು ಫೋನಿನ ಆ್ಯಪಿನಲ್ಲಿ. ಅಂಗಡಿಯಲ್ಲಿ ವಾಚನ್ನು ನೋಡುವ ಮೊದಲೇ ಆ್ಯಪನ್ನು ಇಳಿಸಿಕೊಂಡು ನೋಡಬಹುದು: ಹಳೆಯ ತಿಂಗಳುಗಳ ದಾಖಲೆ ಉಳಿಸುತ್ತದೆಯೇ, ಗೂಗಲಿನ ಹೆಲ್ತ್ ಕನೆಕ್ಟಿಗೋ ಬೇರೆ ಆ್ಯಪಿಗೋ ಒಯ್ಯಲು ಬಿಡುತ್ತದೆಯೇ, ಹೆಜ್ಜೆ ಎಣಿಸಲು ಸಂಪರ್ಕಪಟ್ಟಿ ಮತ್ತು ಕರೆದಾಖಲೆಯ ಅನುಮತಿ ಏಕೆ ಕೇಳುತ್ತದೆ. ಮೈಯ ದತ್ತಾಂಶ ಎಲ್ಲಿಗೆ ಹೋಗುತ್ತದೆಂಬುದು ಸಣ್ಣ ಪ್ರಶ್ನೆಯಲ್ಲ. ಓಟಗಾರರ ಆ್ಯಪ್ ಸ್ಟ್ರಾವಾ ಪ್ರಕಟಿಸಿದ ಜಾಗತಿಕ ನಕ್ಷೆಯಲ್ಲಿ ಸೈನಿಕರು ಓಡಿದ ದಾರಿಗಳು ಹೊಳೆದು, ಗುಪ್ತ ಸೇನಾನೆಲೆಗಳ ಆಕಾರವೇ 2018ರ ಜನವರಿಯಲ್ಲಿ ಜಗತ್ತಿಗೆ ಕಂಡಿತು. ಕನ್ನಡ ಓದುಗರು ಇನ್ನೊಂದನ್ನೂ ನೋಡಿಕೊಳ್ಳಬೇಕು. ಕೆಲವು ವಾಚುಗಳಲ್ಲಿ ಕನ್ನಡದ ಸಂದೇಶ ಬಂದರೆ ಖಾಲಿ ಚೌಕಗಳು ಕಾಣುತ್ತವೆ, ಇನ್ನು ಕೆಲವಲ್ಲಿ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬೀಳುತ್ತವೆ. ಕೊಳ್ಳುವ ಮುನ್ನ ‘ಲಕ್ಷ್ಮೀ’ ಎಂದೊಂದು ಸಂದೇಶ ಕಳಿಸಿ ನೋಡಿದರೆ ಸಾಕು.

ಕೊಂಡ ಮೇಲೆ, ಮರಳಿಸುವ ಗಡುವು ಮುಗಿಯುವುದರೊಳಗೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಐದು ನಿಮಿಷ ಸುಮ್ಮನೆ ಕೂತು ಕುತ್ತಿಗೆಯ ನಾಡಿಯನ್ನು ಒಂದು ನಿಮಿಷ ಎಣಿಸಿ ವಾಚಿನ ಅಂಕಿಯ ಪಕ್ಕ ಇಡಬೇಕು. ಐದರೊಳಗಿನ ವ್ಯತ್ಯಾಸ ಸಹ್ಯ. ಮೂರು ಮಹಡಿ ಮೆಟ್ಟಿಲು ಹತ್ತಿ ಕೂಡಲೇ ಮತ್ತೆ ಎಣಿಸಬೇಕು. ಅಗ್ಗದ ವಾಚುಗಳು ಇಲ್ಲಿ ಅರ್ಧ ನಿಮಿಷ ಹಿಂದೆ ಬೀಳುತ್ತವೆ, ಅದಕ್ಕಿಂತ ಹೆಚ್ಚು ತಡವಾದರೆ ವ್ಯಾಯಾಮಕ್ಕೆ ಅದು ಒದಗುವುದಿಲ್ಲ. ಮನಸ್ಸಿನಲ್ಲೇ ಎಣಿಸುತ್ತ 500 ಹೆಜ್ಜೆ ನಡೆದು ಹೋಲಿಸಬೇಕು. ಕೊನೆಗೆ ವಾಚನ್ನು ಬಾಳೆಹಣ್ಣಿಗೋ ಸುತ್ತಿದ ಟವೆಲ್ಲಿಗೋ ಕಟ್ಟಬೇಕು. ಹಣ್ಣಿಗೂ ನಾಡಿ ಇದೆ ಎಂದು ಒಳ್ಳೆಯ ವಾಚುಗಳೂ ಒಮ್ಮೊಮ್ಮೆ ಮೋಸಹೋಗುತ್ತವೆ, ಗದ್ದಲದಲ್ಲಿ ಲಯ ಹುಡುಕುವುದೇ ಅವುಗಳ ಕಸುಬಾದ್ದರಿಂದ ಅದನ್ನು ಮನ್ನಿಸಬಹುದು. ಬಾಳೆಹಣ್ಣಿನ ಬಿಪಿ 118/76, ಆಮ್ಲಜನಕ 98 ಎಂದು ಬಂದರೆ ವಾಚನ್ನು ಮರಳಿಸುವುದೇ ಸರಿ.

ಬಾಳಿಕೆಯ ಲೆಕ್ಕ ಬ್ಯಾಟರಿಯಲ್ಲಿದೆ. ವಾಚಿನ ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಪೂರ್ತಿ ಚಾರ್ಜ್ ಆದ ಮೇಲೆ ಸೊರಗುತ್ತದೆ, ಅಗ್ಗದ ವಾಚುಗಳಲ್ಲಿ ಅದನ್ನು ಬದಲಿಸಿ ಕೊಡುವವರು ಸಿಗುವುದು ಕಷ್ಟ. ದಿನಾಲೂ ಚಾರ್ಜ್ ಬೇಡುವ ವಾಚು ವರ್ಷದಲ್ಲಿ 365 ಸಲ ದಣಿಯುತ್ತದೆ; ವಾರಕ್ಕೊಮ್ಮೆ ಸಾಕೆನ್ನುವುದು 52 ಸಲ. ಹತ್ತು ದಿನ ಬಾಳುತ್ತದೆ ಎಂಬ ಜಾಹೀರಾತು ಮಾತ್ರ ಬಡಿತವನ್ನು ಆಗೊಮ್ಮೆ ಈಗೊಮ್ಮೆ ನೋಡುವ, ಬ್ಲೂಟೂತ್ ಕರೆಗಳನ್ನು ಬಳಸದ ಸ್ಥಿತಿಯದು. ಸದಾ ಬೆಳಗುವ ಪರದೆ, ನಿರಂತರ ಬಡಿತ, ರಾತ್ರಿಯಿಡೀ ಎಸ್‌ಪಿಓ2 ಎಲ್ಲವನ್ನೂ ಹಾಕಿದರೆ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಬಿಪಿ, ಒತ್ತಡ, ಎಸ್‌ಪಿಓ2ಗಳ ತಾನಾಗಿ ಅಳೆಯುವ ಆಯ್ಕೆಗಳನ್ನು ಆಫ್ ಮಾಡಿ, ಬಡಿತ ಮತ್ತು ಹೆಜ್ಜೆಯನ್ನಷ್ಟೇ ಉಳಿಸಿಕೊಂಡರೆ ಚಾರ್ಜು ಹೆಚ್ಚು ದಿನ ಬರುತ್ತದೆ. ಪಟ್ಟಿಯೇ ಮೊದಲು ಹರಿಯುವುದರಿಂದ 20 ಅಥವಾ 22 ಮಿಲಿಮೀಟರಿನ ಸಾಮಾನ್ಯ ಅಳತೆಯ ಪಟ್ಟಿ ಕೂರುವ ವಾಚನ್ನು ಆರಿಸಿದರೆ ಯಾವ ಗಡಿಯಾರದ ಅಂಗಡಿಯಲ್ಲೂ ನೂರಿನ್ನೂರು ರೂಪಾಯಿಗೆ ಬದಲಿ ಸಿಗುತ್ತದೆ.